ಹಸಿರಿಗೆ ಹಸಿರು, ಕೆಂಪಿಗೆ ಕೆಂಪು

ಪ್ರೀತಿಯ ವೇದಾ,

ಇದು ಬಾಯಲ್ಲಿ ಬರೆಯುತ್ತಿರುವ ಕಾಗದ. ಕೈಯಲ್ಲಿ ಬರೆದಿದ್ದರೆ ಯಾರಾದರೂ ನಿನಗೆ ಓದಿ ಹೇಳಬೇಕಾಗುತ್ತಿತ್ತು. ಗಂಡ ಹೆಂಡತಿಯ ಮಾತು ಮೂರನೆಯವರ ಬಾಯಿ ದಾಟಿ ಬರುವುದು ನನಗೆ ಸರಿ ಕಾಣಲಿಲ್ಲ. ಅದಕ್ಕೇ ಫೋನಿನ ಮೈಕಿನ ಗುಂಡಿ ಒತ್ತಿಕೊಂಡು ಕುಳಿತಿದ್ದೇನೆ. ಸಮೀಕ್ಷಾ, ಮಗಳೇ, ನೀನು ಇದನ್ನು ಒತ್ತಿ ನಿನ್ನ ವೇದತ್ತೆಯ ಕೈಹತ್ತಿರ ಇಟ್ಟು ಅಡುಗೆಮನೆಗೆ ಹೋಗು. ಮುಗಿದ ಮೇಲೆ ಬಂದರೆ ಸಾಕು. ಸ್ವಲ್ಪ ತಡವಾದೀತು. ನಿನ್ನ ಮಾವನ ಮಾತು ನಿನಗೆ ಗೊತ್ತಿರುವುದೇ.

ವೇದಾ, ನೀನು ಅಣ್ಣನ ಮನೆಗೆ ಹೋಗುವಾಗ ಚಳಿ ಶುರುವಾಗಿತ್ತು. ಈಗ ಗೇರುಮರದಲ್ಲಿ ಹೂವು ಬಿಟ್ಟಿದೆ. ಸುಳ್ಯದ ನಮ್ಮ ಮನೆಯಿಂದ ಅಜ್ಜಾವರ ಎಷ್ಟು ದೂರ ಮಹಾ? ಹಕೀಮನ ಜೀಪು ಮೂರನೇ ಗಿಯರಿಗೆ ಬೀಳುವಷ್ಟರಲ್ಲಿ ಬಂದುಬಿಡುತ್ತದೆ. ಆದರೂ ನನಗೆ ಅದು ಘಟ್ಟದ ಆಚೆಯ ಊರಿನ ಹಾಗಾಗಿದೆ. ಕಳೆದ ವಾರ ರಕ್ತದಾನ ಶಿಬಿರದ ಪ್ರಚಾರಕ್ಕೆ ಆ ದಾರಿಯಲ್ಲೇ ಹೋಗಬೇಕಾಯಿತು. ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕಿನಲ್ಲಿ ನನ್ನ ಮುಖದ ಪರಿಚಯ ಇಲ್ಲದವರಿಗೂ ನನ್ನ ಧ್ವನಿ ಗೊತ್ತು. ಜೀಪಿನ ಮೇಲೆ ಎರಡು ಹಾರ್ನ್ ಕಟ್ಟಿಕೊಂಡು ‘ಮಾನ್ಯರೇ’ ಎಂದು ಶುರು ಮಾಡಿದರೆ ಎಂಟು ಗದ್ದೆ ಆಚೆಗೂ ಕೇಳುತ್ತದೆ ಎಂದು ಹೆಮ್ಮೆಪಟ್ಟವನು ನಾನು. ನಿನ್ನ ಅಣ್ಣನ ಮನೆಯ ತಿರುವಿನಲ್ಲಿ ಮೈಕ್ ಆಫ್ ಮಾಡಿದೆ. ಹಕೀಮ ಒಮ್ಮೆ ನನ್ನ ಮುಖ ನೋಡಿದ. ತಿರುವು ದಾಟಿದ ಮೇಲೆ ಅವನೇ ಕೈಚಾಚಿ ಸ್ವಿಚ್ ಹಾಕಿದ. ಅಜ್ಜಾವರದ ಆ ತಿರುವಿನವರಿಗೆ ಶಿಬಿರದ ಸುದ್ದಿಯೇ ಮುಟ್ಟಲಿಲ್ಲ ಎಂದು ಸಂಘದವರು ಆಮೇಲೆ ಆಕ್ಷೇಪಿಸಿದರು. ಮುಟ್ಟಿರಲಿಕ್ಕಿಲ್ಲ.

ನಿನಗೆ ಕೌದಿಯ ಕತೆ ಎಲ್ಲಿಗೆ ಬಂತು ಎಂದು ಹೇಳಬೇಕು. ಅದಕ್ಕಾಗಿಯೇ ಗುಂಡಿ ಒತ್ತಿದ್ದು. ಆದರೆ ನನ್ನ ಬಾಯಿಗೆ ನೇರ ದಾರಿ ಗೊತ್ತಿಲ್ಲ, ಮೊದಲಿನಿಂದ ಬರಬೇಕು. ಸಹಿಸಿಕೋ.

ಕೌದಿ ಹೊಲಿಯುವುದನ್ನು ನೀನು ಕಲಿತದ್ದು ಕಲ್ಲುಗುಂಡಿಯಲ್ಲಿ. ರಸ್ತೆ ಕೆಲಸಕ್ಕೆ ವಿಜಯಪುರದ ಕಡೆಯಿಂದ ಬಂದ ಸಂಸಾರಗಳು ಅಲ್ಲಿ ಟೆಂಟು ಹಾಕಿದ್ದವು. ನಿನ್ನ ಎಡಗಣ್ಣನ್ನು ಸಕ್ಕರೆ ಕಾಯಿಲೆ ಆಗಲೇ ತಿಂದಿತ್ತು. ಮನೆಯಲ್ಲಿ ಒಬ್ಬಳೇ ಕುಳಿತು ಯೋಚಿಸುವುದು ಬೇಡ ಎಂದು ನಿನ್ನನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿದ್ದೆ. ಟೆಂಟಿನ ಎದುರು ಹೆಂಗಸರು ಹಳೆ ಬಟ್ಟೆಯ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಸಣ್ಣ ಸಣ್ಣ ಹೊಲಿಗೆ ಹಾಕುತ್ತಿದ್ದರು. ನನ್ನನ್ನು ಇಲ್ಲಿ ಇಳಿಸಿ ಎಂದೆ ನೀನು. ನಾನು ಸಂಪಾಜೆಯವರೆಗೆ ಕೂಗಿಕೊಂಡು ಹಿಂದೆ ಬರುವಷ್ಟರಲ್ಲಿ ನೀನು ಅವರ ನಡುವೆ ಕಾಲು ಚಾಚಿ ಕುಳಿತು ಸೂಜಿ ಹಿಡಿದಿದ್ದೆ. ಅವರ ಮಾತು ನಿನಗೆ ಅರ್ಧ ಅರ್ಥವಾಗುತ್ತಿರಲಿಲ್ಲ, ನಿನ್ನ ಮಾತು ಅವರಿಗೆ. ಆದರೂ ಎಲ್ಲರೂ ನಗುತ್ತಿದ್ದಿರಿ.

ಆಮೇಲೆ ಹಕೀಮನ ಹೆಂಡತಿ ಮಿಸ್ರಿಯಾ ಪುತ್ತೂರಿನ ತನ್ನ ಟೈಲರಿಂಗ್ ಅಂಗಡಿಯಿಂದ ಚೀಲ ಚೀಲ ತುಂಡು ಕಳುಹಿಸಿದಳು. ಬಲಗಣ್ಣಿಗೂ ಪರದೆ ಎಳೆಯುತ್ತಾ ಬಂದಿತ್ತು. ಯಾವಾಗ ಬೇಕಾದರೂ ಒಳಗೆ ರಕ್ತ ಒಡೆಯಬಹುದು, ಮುಂದಿನ ತಿಂಗಳು ಆಗಬಹುದು, ಇನ್ನೆರಡು ವರ್ಷ ಆಗದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದರು. ನಾನು ಎರಡು ವರ್ಷ ಎಂಬುದನ್ನು ಹಿಡಿದುಕೊಂಡೆ, ನೀನು ಮುಂದಿನ ತಿಂಗಳನ್ನು.

ನೀನು ಹೊಲಿಯಲು ಶುರು ಮಾಡಲೇ ಇಲ್ಲ, ನೆನಪುಂಟಾ? ಮೊದಲು ತುಂಡುಗಳನ್ನೆಲ್ಲ ಚೌಕ ಚೌಕ ಕತ್ತರಿಸಿದೆ. ಚಾವಡಿಯ ಕುರ್ಚಿಗಳನ್ನು ನನ್ನಿಂದ ಅಂಗಳಕ್ಕೆ ಹೊರಿಸಿದೆ. ನೆಲದ ತುಂಬ ಅವನ್ನು ಹಾಸಿದೆ. ಸ್ಟೂಲಿನ ಮೇಲೆ ಹತ್ತಿ ನಿಂತು ತಲೆ ಓರೆ ಮಾಡಿ, ಉಳಿದಿದ್ದ ಅರ್ಧ ಕಣ್ಣಿನಲ್ಲಿ ನೋಡುತ್ತಿದ್ದೆ. ಇಳಿದು ಒಂದು ತುಂಡನ್ನು ಆಚೆ ಇಟ್ಟು, ಮತ್ತೆ ಹತ್ತುತ್ತಿದ್ದೆ. ನಾನು ಗೋಡೆಗೆ ಒರಗಿಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆದು ಅಡುಗೆಮನೆಗೆ ಹೋಗಬೇಕಾಗಿತ್ತು.

“ಇದೆಂತ ನಾಗಮಂಡಲವಾ, ದಾಟಿದ್ರೆ ದೋಷವಾ?” ಎಂದು ಕೇಳಿದೆ.

“ದೋಷ ಇಲ್ಲ. ಕಾಲು ಮುರಿತೇನೆ, ಅಷ್ಟೇ” ಎಂದೆ ನೀನು.

ಎಲ್ಲ ನಿನಗೆ ಸರಿ ಕಂಡ ದಿನ ದಪ್ಪ ಸೂಜಿ ತಂದು, ಒಂದೊಂದು ಸಾಲನ್ನು ಮಲ್ಲಿಗೆ ಪೋಣಿಸಿದ ಹಾಗೆ ದಾರಕ್ಕೆ ಪೋಣಿಸಿದೆ. ಮೊದಲ ಸಾಲಿನ ದಾರಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು. ಹಾಗೆ ಎಲ್ಲ ಸಾಲುಗಳನ್ನೂ ಕಿಟಕಿಯ ಸರಳಿಗೆ ನೇತುಹಾಕಿದೆ. ಹಕೀಮ ಬಂದವನು, “ಎಂತ ಉದಯಣ್ಣ, ಬಂಗುಡೆ ಮೀನು ಒಣಗಿಸ್ಲಿಕ್ಕೆ ಹಾಕಿದ ಹಾಗೆ ಉಂಟಲ್ಲ ಮಾರಾಯ್ರೆ” ಎಂದ. ನೀನೂ ನಕ್ಕೆ. ನನಗೆ ಮಾತ್ರ, “ಅದನ್ನು ಮುಟ್ಬೇಡಿ, ನನಗೆ ಆಮೇಲೆ ಬೇಕಾಗ್ತದೆ” ಎಂದೆ. ಆಮೇಲೆ ಎಂದರೆ ಯಾವಾಗ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ನೀನು ಹೇಳುತ್ತಿದ್ದೆಯೋ ಇಲ್ಲವೋ. ಕಣ್ಣು ಪೂರ್ತಿ ಹೋದ ಮೇಲೆ ಎಂದು ಬಾಯಿಬಿಟ್ಟು ಹೇಳುವವಳು ನೀನಲ್ಲ. ದಾರ ಎಳೆದರೆ ಒಂದರ ಹಿಂದೆ ಒಂದು ತುಂಡು ಬರುತ್ತದೆ, ಬೆರಳು ಹೊಲಿಯುತ್ತದೆ, ನೋಡುವ ಕೆಲಸ ಎಲ್ಲ ಮೊದಲೇ ಮುಗಿದಿರುತ್ತದೆ. ಇಷ್ಟು ದೊಡ್ಡ ಬುದ್ಧಿ ಕಿಟಕಿಯಲ್ಲಿ ನೇತಾಡುತ್ತಿದ್ದಾಗ ನಾನು ಅದರ ಕೆಳಗೆ ಕುಳಿತು ಕಬಡ್ಡಿ ಪಂದ್ಯದ ಪ್ರಚಾರ ಬಾಯಿಪಾಠ ಮಾಡುತ್ತಿದ್ದೆ.

ಒಂದು ನಿಮಿಷ. ಕುಕ್ಕರ್ ಕೂಗಿತು. ಬೇಳೆಗೆ ನೀರು ಎಷ್ಟು ಇಡಬೇಕೆಂದು ಇನ್ನೂ ಅಂದಾಜು ಸಿಕ್ಕಿಲ್ಲ.

ಹಾಂ. ರೈಲಿನ ವಿಷಯ. ದಸರಾ ರಜೆಗೆ ಎಲ್ಲಿಗಾದರೂ ಹೋಗುವ, ಎಲ್ಲಿಗೆ ಹೇಳು ಎಂದಾಗ, ಸಮುದ್ರವೋ ದೇವಸ್ಥಾನವೋ ಕೇಳುತ್ತೀ ಎಂದುಕೊಂಡಿದ್ದೆ. ನೀನು ಊಟಿಯ ಉಗಿಬಂಡಿ ಎಂದೆ. ನಿನ್ನ ಅಪ್ಪ ನೆಟ್ಟಣದ ಸ್ಟೇಷನ್ನಿಗೆ ಬರುವ ಮೊದಲು, ಎಳೆ ಪ್ರಾಯದಲ್ಲಿ, ಮೇಟ್ಟುಪಾಳ್ಯದ ಇಂಜಿನ್ ಶೆಡ್ಡಿನಲ್ಲಿ ಕೆಲಸ ಮಾಡಿದವರು. ಆ ಬಂಡಿಗೆ ಇಂಜಿನ್ ಹಿಂದೆ ಇರುತ್ತದೆ, ಗುಡ್ಡ ಹತ್ತುವಾಗ ಅದು ನೂಕುತ್ತದೆ, ಎದುರಿನ ಡಬ್ಬಿಯಲ್ಲಿ ಕುಳಿತವರ ಮುಂದೆ ಬರೀ ಹಳಿ ಮತ್ತು ಬೆಟ್ಟ ಎಂದು ಅವರು ಹೇಳುತ್ತಿದ್ದರಂತೆ. ಸಣ್ಣವಳಿರುವಾಗ ನೀನು ಅದನ್ನು ನಂಬಿರಲಿಲ್ಲ. ಮುಂದೆ ಯಾರೂ ಎಳೆಯದೆ ರೈಲು ಹೋಗುವುದುಂಟೇ ಎಂದು ಅಪ್ಪನ ಹತ್ತಿರ ಜಗಳ ಮಾಡಿದ್ದೆಯಂತೆ. ಒಮ್ಮೆ ನೋಡಬೇಕು ಎಂದೆ. ನೋಡಬೇಕು ಎಂದೇ ಹೇಳಿದೆ ನೀನು.

ಹಕೀಮ ಕಾರಿನಲ್ಲಿ ಮೇಟ್ಟುಪಾಳ್ಯದವರೆಗೆ ಬಿಟ್ಟು, ತಾನು ರಸ್ತೆಯಲ್ಲಿ ಕುನ್ನೂರಿಗೆ ಹೋಗಿ ಕಾಯುತ್ತೇನೆ ಎಂದ. ನನ್ನ ಬಾಯಿ ಕಂಡು ನಿನಗೆ, “ಅಕ್ಕ, ಇವರಿಗೆ ವಾಲ್ಯೂಮ್ ಬಟನ್ ಇಲ್ಲ. ಕಿವಿಗೆ ಹತ್ತಿ ಬೇಕಾ?” ಎಂದು ಕೇಳಿದ್ದ. ತಮಾಷೆ ಎಂದುಕೊಂಡೆ. ಅವನು ದಿನವಿಡೀ ನನ್ನ ಪಕ್ಕ ಕುಳಿತುಕೊಳ್ಳುವವನು. ಅವನಿಗೆ ಗೊತ್ತಿತ್ತು.

ಎದುರಿನ ಡಬ್ಬಿಯಲ್ಲೇ ಜಾಗ ಸಿಕ್ಕಿತು. ಮೆಟ್ಟಿಲಿನ ಹತ್ತಿರ ಹಸಿರು ಕೆಂಪು ಬಾವುಟ ಹಿಡಿದ ಬ್ರೇಕಿನವನು ನಿಂತಿದ್ದ. ಗುಡ್ಡ ಹತ್ತಲು ನಡುವೆ ಹಾಕಿದ ಹಲ್ಲುಹಳಿ ಶುರುವಾದದ್ದೇ ಕೆಳಗಿನಿಂದ ಕಟಕಟ ಸದ್ದು, ಹಿಂದಿನಿಂದ ಇಂಜಿನ್ ಏದುಸಿರು ಬಿಡುವುದು. ನಿನ್ನ ಮುಖ ನೋಡಿದೆ. ಅಪ್ಪನ ಜೊತೆಗಿನ ಹಳೆಯ ಜಗಳದಲ್ಲಿ ಸೋತವಳ ಹಾಗೆ ನಗುತ್ತಿದ್ದೆ. ನನಗೆ ಸಂತೋಷ ತಡೆಯಲಿಲ್ಲ. ಶುರು ಮಾಡಿದೆ. ಎಡಗಡೆ ಪ್ರಪಾತ ನೋಡು, ಕೆಳಗೆ ತೆಂಗಿನ ತೋಟ ಬೆಂಕಿಪೆಟ್ಟಿಗೆಯಷ್ಟು ಕಾಣುತ್ತದೆ, ಬಲಗಡೆ ಬಂಡೆಯಿಂದ ನೀರು ಇಳಿಯುತ್ತದೆ, ಈಗ ಸೇತುವೆ ಬಂತು, ಸೇತುವೆಗೆ ತಡೆಗಂಬಿಯೇ ಇಲ್ಲ, ಮೇಲೆ ಮಂಗ ಕುಳಿತಿದೆ, ಮರಿ ಹೊಟ್ಟೆಗೆ ಅಂಟಿಕೊಂಡಿದೆ. ಕಂಬಳದ ಕರೆಯ ಕೆಸರಿಗೆ ಕೋಣ ಬಿಟ್ಟಾಗ ಮೈಕಿನಲ್ಲಿ ಮಾತಾಡುವ ಹಾಗೆ ಮಾತಾಡಿದೆ. ಪಕ್ಕದಲ್ಲಿದ್ದವರು ಕೂಡ ನನ್ನ ಬೆರಳು ಹೋದ ಕಡೆಗೆ ತಿರುಗುತ್ತಿದ್ದರು.

ನೀನು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟೆ. “ಒಮ್ಮೆ ನಿಲ್ಸಿ. ನೀವು ಹೇಳಿದ್ದು ನನಗೆ ಮೊದಲು ಬರ್ತದೆ, ಕಾಣುದು ಆಮೇಲೆ.”

ಕೋಪದಲ್ಲಿ ಹೇಳಲಿಲ್ಲ. ಬೇಡಿಕೊಂಡ ಹಾಗೆ ಹೇಳಿದೆ. ನಾನು ನಿಲ್ಲಿಸಿದೆ. ಎಷ್ಟು ಹೊತ್ತು? ಮುಂದಿನ ತಿರುವಿನವರೆಗೆ. ಆ ತಿರುವಿನಲ್ಲಿ ಮೋಡ ನಮ್ಮ ಕೆಳಗೆ ಬಂತು, ವೇದಾ. ಮೋಡ ಕೆಳಗೆ ಕಂಡರೆ ಬಾಯಿ ಮುಚ್ಚಿಕೊಂಡು ಕೂರುವುದು ನನಗೆ ಯಾರೂ ಕಲಿಸಿಲ್ಲ.

ನೀರು ತುಂಬಿಸಲು ಹಿಲ್‌ಗ್ರೋವಿನಲ್ಲಿ ನಿಂತಾಗ ನೀನು ಇಳಿದು ಹಿಂದಕ್ಕೆ, ಇಂಜಿನ್ನಿನ ಹತ್ತಿರ ಹೋದೆ. ನಾನು ಚಹಾ ತರಲು ಹೋಗಿದ್ದೆ. ಆ ಹೊತ್ತು ನಿನಗೆ ಏನು ಕಂಡಿತೋ ನನಗೆ ಗೊತ್ತಿಲ್ಲ. ಚಹಾ ಹಿಡಿದು ಬರುವಾಗ ನೀನು ಆ ಕಪ್ಪು ಕಬ್ಬಿಣದ ಎದುರು ನಿಂತಿದ್ದೆ, ಉಗಿಯ ಬಿಸಿಗೆ ಅಂಗೈ ಹಿಡಿದಿದ್ದೆ. ತುಂಬ ಹೊತ್ತು ಅದನ್ನೇ ನೋಡಿದೆ ನೀನು. ನಾನು ದೂರದಲ್ಲೇ ನಿಂತೆ. ಆ ಪ್ರಯಾಣದಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅದು. ಅದೂ ಎರಡು ಕೈಯಲ್ಲಿ ಬಿಸಿ ಲೋಟ ಇದ್ದುದರಿಂದ ಆದದ್ದು.

ಆಮೇಲಿನ ಸುರಂಗ. ಕತ್ತಲು ಬಂದದ್ದೇ ಡಬ್ಬಿಯಲ್ಲಿದ್ದ ಕಾಲೇಜು ಹುಡುಗಿಯರೆಲ್ಲ ಕೂಗಿದರು, ನಾನೂ ಕೂಗಿದೆ, ನೀನೂ ಒಮ್ಮೆ ಕೂಗಿದೆ. ನಿನ್ನ ಕೂಗು ಕೇಳಿದ್ದೇ ಎಷ್ಟೋ ವರ್ಷದ ಮೇಲೆ. ಹೊರಗೆ ಬಂದೆವು. ಬಿಸಿಲು ನೇರ ನಿನ್ನ ಮಡಿಲಿಗೆ ಬಿದ್ದಿತ್ತು. ಹುಡುಗಿಯರು ಸುಮ್ಮನಾಗಿ ಬಿಸ್ಕತ್ತಿನ ಪೊಟ್ಟಣ ಒಡೆದರು.

“ಈ ಸುರಂಗ ತುಂಬ ಉದ್ದ ಅಲ್ವಾ?” ಎಂದೆ ನೀನು.

ನನ್ನ ಬಾಯಿಗೆ ಬಂದದ್ದು ಇಷ್ಟು: “ಹೌದು, ಸ್ವಲ್ಪ ಉದ್ದ ಉಂಟು.”

ನೀನು ಮಡಿಲಿನಲ್ಲಿದ್ದ ಕೈಯನ್ನು ಮಗುಚಿದೆ. ಅಂಗೈ ಮೇಲೆ ಮಾಡಿದೆ, ಮತ್ತೆ ಕೆಳಗೆ. ಬಿಸಿಲಿನ ಬಿಸಿ ನೋಡುತ್ತಿದ್ದೆ ಎಂದು ನನಗೆ ಗೊತ್ತಾಯಿತು. ನೀನು ಸೆರಗು ಎಳೆದು ಎರಡೂ ಕೈ ಮುಚ್ಚಿಕೊಂಡೆ. ಕುನ್ನೂರಿನವರೆಗೆ ರೈಲು ನೂಕಿಸಿಕೊಂಡು ಹತ್ತುತ್ತಲೇ ಇತ್ತು. ಆಗ ನನಗೆ ಹೊರಗಿನ ಒಂದು ಮರದ ಹೆಸರೂ ಹೇಳಲು ಆಗಲಿಲ್ಲ.

ಹೋಗದಿದ್ದರೆ ಆಗುತ್ತಿರಲಿಲ್ಲವೇ ಎಂದು ಮಂಗಳೂರಿನ ಡಾಕ್ಟರನ್ನು ಕೇಳಿದೆ. ರಕ್ತನಾಳ ಒಡೆಯಲು ಊಟಿಗೆ ಹೋಗಬೇಕೆಂದಿಲ್ಲ, ಮನೆಯಲ್ಲಿ ಬಿಂದಿಗೆ ಎತ್ತುವಾಗಲೂ ಆಗುತ್ತಿತ್ತು ಎಂದರು. ಒಳ್ಳೆಯವರು. ಆಪರೇಷನ್ ಮಾಡಿದರು, ಕಾಯಲು ಹೇಳಿದರು, ಪಟ್ಟಿ ಬಿಚ್ಚಿದರು. ಟಾರ್ಚ್ ಹಾಕಿ, ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳಿದರು. ನೀನು ಬಹಳ ಮರ್ಯಾದೆಯಿಂದ, “ಗೊತ್ತಾಗುದಿಲ್ಲ ಡಾಕ್ಟ್ರೆ” ಎಂದೆ, ಅವರಿಗೆ ಬೇಸರವಾಗಬಾರದು ಎಂಬ ಹಾಗೆ.

ಇನ್ನು ಕಿಟಕಿಯ ವಿಷಯ. ನೀನು ಆಸ್ಪತ್ರೆಯಲ್ಲಿರುವಾಗ ನನ್ನ ಅಕ್ಕ ಪಂಕಜಾಕ್ಷಿ ಬೆಟ್ಟಂಪಾಡಿಯಿಂದ ಮನೆ ನೋಡಿಕೊಳ್ಳಲು ಬಂದಿದ್ದಳು. ನಿನ್ನನ್ನು ಮನೆಗೆ ಕರೆತರುವ ಹಿಂದಿನ ದಿನ ನಾನೂ ಬಟ್ಟೆ ಬದಲಿಸಲೆಂದು ಮನೆಗೆ ಬಂದೆ. ಕಾಯಿಲೆಯವರನ್ನು ನೋಡಲು ನಾಲ್ಕು ಜನ ಬರುತ್ತಾರೆ, ಬಾಗಿಲಿನ ಎದುರೇ ಚಿಂದಿ ನೇತಾಡಿದರೆ ಏನೆಂದುಕೊಳ್ಳುತ್ತಾರೆ ಎಂದಳು ಅಕ್ಕ. ವೇದಾ ಮುಟ್ಟಬೇಡಿ ಎಂದಿದ್ದಾಳೆ ಎಂದು ನಾನು ಹೇಳಿದ್ದು ನಿಜ. ಬಿಸಾಡುವುದಲ್ಲ ಮಾರಾಯ, ಚಂದ ಮಾಡಿ ಇಡುವುದು ಎಂದಳು. ಅದು ನನಗೂ ಸರಿ ಕಂಡಿತು. ಇಬ್ಬರೂ ಕುಳಿತು ದಾರಗಳನ್ನೆಲ್ಲ ಎಳೆದೆವು. ಅಕ್ಕ ಒಂದೊಂದು ತುಂಡಿಗೂ ಇಸ್ತ್ರಿ ಹಾಕಿದಳು, ನಾನು ಬೇರೆ ಮಾಡಿದೆ. ಹಸಿರಿಗೆ ಹಸಿರು, ಕೆಂಪಿಗೆ ಕೆಂಪು, ಹೂವಿನದ್ದಕ್ಕೆ ಹೂವಿನದ್ದು. ಹಸಿರಿನಲ್ಲಿಯೂ ಎಳೆ ಹಸಿರನ್ನು ಬೇರೆ ಇಟ್ಟೆ. ಅಡಿಕೆಯ ಹಾಳೆತಟ್ಟೆಗಳಲ್ಲಿ ಸಾಲಾಗಿ ಇಟ್ಟಾಗ ಅದು ಜವಳಿ ಅಂಗಡಿಯ ಹಾಗೆ ಕಾಣುತ್ತಿತ್ತು. ಆಸ್ಪತ್ರೆಯ ದಿನಗಳ ನಂತರ ನನ್ನ ಮನಸ್ಸು ಹಗುರಾದದ್ದು ಆ ಮಧ್ಯಾಹ್ನವೇ.

ಮರುದಿನ ನಿನ್ನ ಕೈ ಹಿಡಿದು ಕೂರಿಸಿ, ಒಂದು ಆಶ್ಚರ್ಯ ಉಂಟು ಎಂದೆ. ತಟ್ಟೆಗಳನ್ನು ಒಂದೊಂದಾಗಿ ನಿನ್ನ ಬೆರಳಿಗೆ ಮುಟ್ಟಿಸಿ, ಇದು ಹಸಿರು, ಇದು ಕೆಂಪು, ಇದು ನೀಲಿ ಎಂದು ಮೈಕಿನಲ್ಲಿ ಹೇಳುವ ಹಾಗೆ ಹೇಳಿದೆ. ನೀನು ಎದ್ದು ಗೋಡೆ ಹಿಡಿದುಕೊಂಡು ಕಿಟಕಿಗೆ ಹೋದೆ. ಸರಳುಗಳ ಮೇಲೆ ಕೈಯಾಡಿಸಿದೆ, ಮೇಲಿನಿಂದ ಕೆಳಗೆ, ಒಂದೊಂದನ್ನೂ. ಆಮೇಲೆ ಬಂದು ಕುಳಿತೆ.

“ಬಣ್ಣ ಬಣ್ಣ ಬೇರೆ ಮಾಡಿ ಇಟ್ಟದ್ದಾ? ಯಾರಿಗೆ ನೋಡ್ಲಿಕ್ಕೆ?”

ಅಕ್ಕ ಅಡುಗೆಮನೆಗೆ ಹೋದಳು. ನಾನು ಆಗಲೂ ಮಾತಾಡಿದೆ. ಏನೆಲ್ಲ ಹೇಳಿದೆನೋ. ಮತ್ತೆ ಪೋಣಿಸಿದರಾಯಿತು, ನೀನು ಹೇಳು, ನಾನು ಪೋಣಿಸುತ್ತೇನೆ ಎಂದೆ. ನಾನೇ ನಿನ್ನ ಕಣ್ಣು ಎಂದೂ ಹೇಳಿದೆ ಎಂದು ಕಾಣುತ್ತದೆ. ಹೇಳಿದೆ.

ಆಗ ನೀನು ಹೇಳಿದ್ದನ್ನು ನಾನು ಅದೇ ಮಾತಿನಲ್ಲಿ ನೆನಪಿಟ್ಟಿದ್ದೇನೆ. “ಯಾರೂ ಹೇಳದೆ ನನಗೆ ಗೊತ್ತಿರುವ ಒಂದು ವಸ್ತು ಮನೆಯಲ್ಲಿ ಇರ್ಲಿ ಅಂತ ಮಾಡಿದ್ದು. ಇಲ್ಲಿ ಕೈ ಇಟ್ರೆ ಸಾಸಿವೆ ಬಣ್ಣ, ಇಲ್ಲಿ ನೀಲಿ ಅಂತ ನನಗೇ ಗೊತ್ತಿರ್ತಿತ್ತು. ಇನ್ನು ಅದನ್ನೂ ನೀವೇ ಹೇಳ್ಬೇಕು.” ಸಂಜೆ ನೀನು ಅಣ್ಣನಿಗೆ ಫೋನ್ ಮಾಡಿಸಿ, ಅವನ ಜೊತೆ ಹೊರಟೆ.

ನೀನು ಹೋದ ಮೇಲೆ ಮಿಸ್ರಿಯಾಳ ಅಂಗಡಿಗೆ ಓಡಿದೆ. ತುಂಡು ಕೊಟ್ಟವಳು ಅವಳು, ಅಂದಾಜು ಇದ್ದೀತು ಎಂಬ ಆಸೆ. ತುಂಡು ಕೊಟ್ಟದ್ದು ನಾನು, ಸಾಲು ಮಾಡಿದ್ದು ಅವರು ಎಂದಳು. ನನ್ನ ಮುಖ ನೋಡಲಾಗದೆ ನಿನಗೆ ಫೋನ್ ಮಾಡಿ, ನೆನಪಿದ್ದಷ್ಟು ಹೇಳಿ ಅಕ್ಕ, ನಾವು ಜೋಡಿಸುತ್ತೇವೆ ಎಂದು ಕೇಳಿದಳಂತೆ. “ನೆನಪಿರ್ತಿದ್ರೆ ನಾನು ಪೋಣಿಸುದು ಯಾಕೆ ಮಿಸ್ರಿಯಾ?” ಎಂದೆಯಂತೆ. ಅದನ್ನು ನನಗೆ ಹೇಳಿ ಅವಳು ಮೆಷಿನ್ನಿನ ಚಕ್ರ ತಿರುಗಿಸುತ್ತಾ ಕುಳಿತಳು, ಅದರಲ್ಲಿ ಬಟ್ಟೆಯೇ ಇರಲಿಲ್ಲ.

ನಾನಾದರೂ ನೋಡಿದ್ದೇನಲ್ಲ, ಅಷ್ಟು ದಿನ ನೆಲದ ಮೇಲೆ ಹಾಸಿತ್ತಲ್ಲ ಎಂದು ಕಣ್ಣು ಮುಚ್ಚಿ ಕುಳಿತೆ. ಕಂಬಳದಲ್ಲಿ ಯಾವ ವರ್ಷ ಯಾರ ಕೋಣ ಗೆದ್ದಿತೆಂದು ನಿದ್ದೆಯಲ್ಲೂ ಹೇಳುವವನು ನಾನು. ಬಾಗಿಲಿನ ಹತ್ತಿರ ಯಾವ ಬಣ್ಣವಿತ್ತು? ನಡುವೆ ಏನಿತ್ತು? ಗೊತ್ತಿಲ್ಲ. ಗೋಡೆಗೆ ಒರಗಿ ಅಡ್ಡಡ್ಡ ನಡೆದದ್ದು ನೆನಪುಂಟು, ನಾನು ಮಾಡಿದ ತಮಾಷೆ ನೆನಪುಂಟು. ಕೌದಿ ನೆನಪಿಲ್ಲ.

ಫೋಟೊ ಇಲ್ಲವೇ ಎಂದು ಹಕೀಮ ಕೇಳಿದ. ಫೋಟೊ ಇಲ್ಲ. ವೀಡಿಯೊ ಉಂಟು. ಸಾಲುಗಳು ಕಿಟಕಿಯಲ್ಲಿ ನೇತಾಡುತ್ತಿದ್ದಾಗ ನಮ್ಮ ಪ್ರಚಾರದವರ ಗುಂಪಿಗೆ ಹಾಕಲೆಂದು ಮಾಡಿದ್ದೆ. ಹುಡುಕಿ ತೆಗೆದೆ. ಮುಂದಿನ ಕ್ಯಾಮೆರಾದಲ್ಲಿ ತೆಗೆದದ್ದು, ವೇದಾ. ತುಂಬ ನಾನೇ ಇದ್ದೇನೆ. ನಮ್ಮ ಮನೆಯಲ್ಲೊಂದು ಬಣ್ಣದ ಚಪ್ಪರ ಎಂದೆಲ್ಲ ಹೇಳುತ್ತಿದ್ದೇನೆ. ನನ್ನ ಕಿವಿಯ ಪಕ್ಕದಲ್ಲಿ ಒಂದು ಮೂಲೆ ಮಾತ್ರ ಕಾಣುತ್ತದೆ. ಹಿಂದಿನಿಂದ ನಿನ್ನ ಧ್ವನಿ ಕೇಳುತ್ತದೆ: “ಹೋಯ್, ಒಮ್ಮೆ ಆಚೆ ಸರೀರಿ. ನೀವೇ ಕಾಣುದು, ಅದು ಕಾಣುದಿಲ್ಲ.” ನಾನು ಆಯ್ತಾಯ್ತು ಎನ್ನುತ್ತೇನೆ. ಸರಿಯುವುದಿಲ್ಲ.

ಆ ಮೂಲೆಯನ್ನು ನಿಲ್ಲಿಸಿ, ದೊಡ್ಡದು ಮಾಡಿ, ಮತ್ತೆ ನಿಲ್ಲಿಸಿ ನೋಡಿದೆ. ಕೌದಿ ಎಲ್ಲಿಗೆ ಬಂತೆಂದರೆ ಇಲ್ಲಿಗೆ: ಮೊದಲ ಸಾಲು ಸಿಕ್ಕಿದೆ. ಸಾಸಿವೆ ಬಣ್ಣದಿಂದ ಶುರುವಾಗಿ ಸಣ್ಣ ಹೂವಿನ ನೀಲಿಗೆ ಹೋಗಿ, ಮತ್ತೆ ಸಾಸಿವೆಗೆ ಬರುತ್ತದೆ. ಎರಡನೆಯ ಸಾಲು ಸಿಕ್ಕಿದೆ, ಒಂದು ತುಂಡು ಬಿಳಿಯೋ ತಿಳಿಗುಲಾಬಿಯೋ ಗೊತ್ತಾಗುವುದಿಲ್ಲ. ಮೂರನೆಯ ಸಾಲಿನ ನಡುವೆ ನನ್ನ ಭುಜ ಬಂದಿದೆ. ಅದರ ಆಚೆ ಏನಿತ್ತೆಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಸಿಕ್ಕಿದ್ದನ್ನು ಪೋಣಿಸಿ ಗಂಟು ಹಾಕಿದ್ದೇನೆ. ಹಕೀಮನ ಕೈಯಲ್ಲಿ ಕಳುಹಿಸುತ್ತೇನೆ. ಬೇಕಾದರೆ ಇಟ್ಟುಕೋ. ಇದನ್ನು ಹಿಡಿದುಕೊಂಡು ಮನೆಗೆ ಬಾ ಎಂದು ಕೇಳುವ ಬಾಯಿ ನನ್ನಲ್ಲಿ ಉಂಟು... ಇಲ್ಲ. ಕೇಳುವುದಿಲ್ಲ ಎಂದೇ ಶುರು ಮಾಡಿದ್ದೆ.

ಭಾನುವಾರ ನಾನು ಅಲ್ಲಿಗೆ ಬಂದಿದ್ದೆ. ಜೀಪಿನ ಸದ್ದು ಬೇಡವೆಂದು ಬಸ್ಸಿನಲ್ಲಿ ಬಂದು ನಡೆದೆ. ಸಮೀಕ್ಷಾ ನೋಡಿದಳು, ಬಾಯಿಗೆ ಬೆರಳಿಟ್ಟೆ, ಒಳಗೆ ಹೋದಳು. ಅವಳನ್ನು ಬೈಯಬೇಡ. ನಿನಗೆ ನನ್ನ ಮಾತು ಬೇಡವಾದದ್ದಲ್ಲವೇ, ಮಾತಿಲ್ಲದ ನಾನು ಅಡ್ಡಿಯಿಲ್ಲವೋ ಏನೋ ಎಂದು ನೋಡಲು ಬಂದೆ. ಜಗಲಿಯ ತುದಿಯಲ್ಲಿ ಕುಳಿತೆ. ನೀನು ಗೋಡೆ ಸವರಿಕೊಂಡು ಬಂದು ಇನ್ನೊಂದು ತುದಿಯಲ್ಲಿ ಕುಳಿತೆ, ಹುಣಸೆಹಣ್ಣಿನ ಬೀಜ ತೆಗೆಯತೊಡಗಿದೆ. ಬೆರಳು ಎಷ್ಟು ಚುರುಕು. ರಸ್ತೆಯಲ್ಲಿ ಸ್ಕೂಟರ್ ಹೋದರೆ ಆ ಕಡೆ ಕಿವಿ ಕೊಡುತ್ತಿದ್ದೆ. ತೆಂಗಿನ ಗರಿ ಬಿದ್ದರೆ ಸ್ವಲ್ಪ ಹೊತ್ತು ಕೈ ನಿಲ್ಲಿಸಿ, ಎಲ್ಲಿ ಬಿತ್ತೆಂದು ನೀನೇ ತೀರ್ಮಾನ ಮಾಡಿ ಮತ್ತೆ ಬೀಜ ತೆಗೆಯುತ್ತಿದ್ದೆ. ಯಾರೂ ನಿನಗೆ ಏನನ್ನೂ ಹೇಳುತ್ತಿರಲಿಲ್ಲ. ನಿನ್ನ ಮುಖ ಅಷ್ಟು ಸಮಾಧಾನದಲ್ಲಿ ಇದ್ದದ್ದನ್ನು ನಮ್ಮ ಮನೆಯಲ್ಲಿ ನಾನು ಕಂಡಿಲ್ಲ. ನೀನು ಅಳುತ್ತಿದ್ದರೆ ನಾನು ಹತ್ತಿರ ಬರುತ್ತಿದ್ದೆ. ಅಳುತ್ತಿರಲಿಲ್ಲ.

ನಾನು ಬಾಯಿ ಬಿಟ್ಟರೆ ನಿನಗೆ ಬೇಡ. ಬಿಡದಿದ್ದರೆ ನಾನು ನಿನ್ನ ಪಾಲಿಗೆ ಇಲ್ಲವೇ ಇಲ್ಲ. ಇದರ ನಡುವೆ ನಿಲ್ಲಲು ಒಂದು ಜಾಗ ಉಂಟಾ ಎಂದು ಆ ಜಗಲಿಯಲ್ಲಿ ಕುಳಿತು ಹುಡುಕಿದೆ. ಬಿಸಿಲು ಅಂಗಳ ಬಿಟ್ಟು ಹೋಗುವವರೆಗೆ ಕುಳಿತೆ. ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು, ಮೆಲ್ಲನೆ ಇಳಿದು, ಅಂಗಳದ ಅರ್ಧಕ್ಕೆ ಬಂದಿದ್ದೆ.

“ಹೋಗುವಾಗ ಗೇಟ್ ಹಾಕಿ. ಆಚೆ ಮನೆಯ ದನ ನುಗ್ತದೆ” ಎಂದೆ ನೀನು.

ಮುಖ ತಿರುಗಿಸಲಿಲ್ಲ. ಕೈ ನಿಲ್ಲಿಸಲೂ ಇಲ್ಲ. ಎಷ್ಟು ಹೊತ್ತಿನಿಂದ ಗೊತ್ತಿತ್ತು ನಿನಗೆ? ಕುಳಿತಾಗಲೇ ಗೊತ್ತಿತ್ತಾ? ನಾನು ಹಾಗೇ ನಿಂತೆ, ಇನ್ನೊಂದು ಮಾತು ಬರುತ್ತದೇನೋ ಎಂದು. ಒಂದು ಬೀಜ ತಟ್ಟೆಗೆ ಬಿತ್ತು, ಇನ್ನೊಂದು ಬಿತ್ತು. ಹೊರಗೆ ಬಂದು ಗೇಟ್ ಹಾಕಿದೆ. ಕೊಂಡಿ ಸರಿಯಾಗಿ ಬಿದ್ದಿತೇ ಎಂದು ಎರಡು ಸಲ ಎಳೆದು ನೋಡಿದೆ.

ಇನ್ನು ಇಂಥ ಕಾಗದ ನಾನಾಗಿ ಕಳುಹಿಸುವುದಿಲ್ಲ, ವೇದಾ. ನಿನ್ನ ಬೆರಳಿಗೆ ಸೂಜಿ ಚುಚ್ಚದಿರಲಿ. ಮೆಟ್ಟಿಲುಗಳು ನಿನ್ನ ಕಾಲಿಗೆ ತಾವಾಗಿ ಸಿಗಲಿ. ನಿನ್ನ ಕಿವಿಗೆ ನಿನಗೆ ಬೇಕಾದದ್ದು ಮಾತ್ರ ಬೀಳಲಿ.

ಗುಂಡಿ ಬಿಡುತ್ತಿದ್ದೇನೆ,
ಉದಯ